ಮೂರನೆಯ ಪೆಟ್ಟಿಗೆಯ ನಿಂಬೆಹಣ್ಣು

ಹೋದ ವಾರ ಸಂತೆಯ ಚೀಲವನ್ನು ಅಡುಗೆಮನೆಯಲ್ಲಿ ಇಳಿಸುವಾಗ ಒಂದು ನಿಂಬೆಹಣ್ಣು ನೆಲಕ್ಕೆ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ಮೆಲ್ಲಗೆ ಉರುಳುತ್ತ ಹೊಸ್ತಿಲವರೆಗೆ ಹೋಗಿ ನಿಂತಿತು. ಬಾಡಿಗೆ ಮನೆ, ನೆಲ ತುಸು ಇಳಿಜಾರು, ಅಷ್ಟೇ. ಅಷ್ಟು ಗೊತ್ತಿದ್ದೂ ನಾನು ಬೆನ್ನನ್ನು ಗೋಡೆಗೆ ಒತ್ತಿ ನಿಂತುಬಿಟ್ಟಿದ್ದೆ. ಕಾರಣ ತಿಳಿದರೆ ಹೆದರಿಕೆ ಹೋಗುತ್ತದೆ ಎಂದು ಕಾಲೇಜಿನ ವೇದಿಕೆಗಳಲ್ಲಿ ಎಷ್ಟು ಸಲ ವಾದಿಸಿದ್ದೆನೋ... ಹೋಗುವುದಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅಣ್ಣ ದಾಂಡೇಲಿಯಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಗೋವಾದಲ್ಲಿ ಯಾರೋ ಅಂಗಡಿ ಮುಚ್ಚಿದಾಗ ಮೂರು ಹಳೆಯ ಗೇಮಿನ ಪೆಟ್ಟಿಗೆ ಕೊಂಡು, ಜೊಯಿಡಾ ದಾರಿಯಲ್ಲಿ ಟೆಂಪೋ ಮೇಲೆ ತರಿಸಿದ್ದ. ನನಗಿಂತ ಒಂದು ಗೇಣು ಎತ್ತರ, ಒಳಗೆ ದೊಡ್ಡ ಟಿವಿ, ಭಾರವೆಲ್ಲ ಮೇಲಿನ ಅರ್ಧದಲ್ಲಿ. ವಾರಕ್ಕೊಂದು ಕೆಡುತ್ತಿತ್ತು. ರಿಪೇರಿಗೆ ಹಿಂಬದಿಯ ಹಲಗೆ ಬಿಚ್ಚಬೇಕು, ಬಿಚ್ಚಲು ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಬೇಕು, ಸರಿಸಲು ನಾಲ್ಕು ಆಳು ಬೇಕು. ಮೂರಕ್ಕೂ ಗಾಲಿ ಹಾಕಿಸಿಬಿಡೋಣ ಎಂದು ಅಣ್ಣ ಕೊನೆಗೆ ಮಿಸ್ತ್ರಿ ಕಾಕಾರನ್ನು ಕರೆದ. ಅವರು ಬರುವ ಮೊದಲೇ ಆಳು ಹಚ್ಚಿ ಮೂರನ್ನೂ ಗೋಡೆಯಿಂದ ಈಚೆ ಸರಿಸಿಟ್ಟಿದ್ದ.

ಕಾಕಾ ನಮ್ಮ ಓಣಿಯವರು. ಕಟ್ಟಿಗೆ ಕೆಲಸ, ವೆಲ್ಡಿಂಗು ಎರಡೂ ಬಲ್ಲವರು. ಆದರೆ ಅವರಷ್ಟು ಅಂಜುವ ಕೆಲಸಗಾರನನ್ನು ನಾನು ಕಂಡಿಲ್ಲ. ಏಣಿಯನ್ನು ಮೂರು ಸಲ ಅಲ್ಲಾಡಿಸದೆ ಕಾಲಿಡುತ್ತಿರಲಿಲ್ಲ.

"ಇಷ್ಟ ಅಂಜಿದ್ರ ಕೆಲಸ ಹೆಂಗ ಮಾಡ್ತೀರಿ ಕಾಕಾ?" ಎಂದು ನಾನು ಕೆಣಕಿದ್ದೆ.

"ಅಂಜಿದ್ದಕ್ಕ ಹತ್ತೂ ಬೆರಳು ಅದಾವು, ವಕೀಲವ್ವ. ಕಟ್ಟಿಗಿ ಕೊಯ್ಯೂ ಸಾಮಿಲ್ಲಿನ್ಯಾಗ ನನ್ನ ಜೋಡಿ ಇದ್ದವರ ಬೆರಳು ಎಣಿಸಿ ಬಾ ಹೋಗು."

ವಕೀಲವ್ವ ಎಂಬುದು ನನ್ನ ಬಾಯಿಗೆ ಅವರು ಕೊಟ್ಟ ಹೆಸರು. ನಿಜ ಹೇಳಬೇಕೆಂದರೆ ಅಂಜಿಕೆ ನನಗೂ ಇತ್ತು. ಕರೆಂಟಿಲ್ಲದಾಗ ಆ ಪೆಟ್ಟಿಗೆಗಳ ಕಪ್ಪು ಗಾಜಿನಲ್ಲಿ ನನ್ನ ಮುಖ ನೀರಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಆ ಅಂಗಡಿಯಲ್ಲಿ ನಾನು ಒಬ್ಬಳೇ ಕೂರುತ್ತಿರಲಿಲ್ಲ. ಹೆದರಿಕೆಯಾದಾಗ ಕೆಲವರು ದೇವರ ಹೆಸರು ಹೇಳುತ್ತಾರೆ. ನಾನು ವಾದ ಮಾಡುತ್ತಿದ್ದೆ.

ಕಾಕಾ ಮೊದಲ ಪೆಟ್ಟಿಗೆಯನ್ನು ಸನ್ನೆಗೋಲಿನಿಂದ ಎತ್ತಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು, ನಾಲ್ಕು ಮೂಲೆಗೂ ಗಾಲಿ ಬಿಗಿದರು. ಆಮೇಲೆ ಅಂಗಿಯ ಕಿಸೆಯಿಂದ ಒಂದು ನಿಂಬೆಹಣ್ಣು ತೆಗೆದು ಪೆಟ್ಟಿಗೆಯ ಮುಂದೆ ನೆಲದ ಮೇಲಿಟ್ಟರು. ಹೊಸ ಗಾಡಿಯ ಗಾಲಿಯಡಿ ನಿಂಬೆಹಣ್ಣು ಇಡುವುದು ನಮ್ಮಲ್ಲಿ ಎಲ್ಲರೂ ಬಲ್ಲದ್ದೇ. ಆ ತಿಂಗಳು ಹಳಿಯಾಳದ ಚರ್ಚಾಸ್ಪರ್ಧೆಗೆ ಮೂಢನಂಬಿಕೆಯ ಮೇಲೆ ತಯಾರಿ ನಡೆಸಿದ್ದ ನನಗೆ ಸುಮ್ಮನಿರಲಾಗಲಿಲ್ಲ.

"ಇದೇನ್ ಗಾಡಿ ಏನ್ರಿ, ಪೂಜಿ ಮಾಡಾಕ?"

"ಗಾಲಿ ಬಂತಂದ್ರ ಗಾಡಿನ. ನೀ ಹಣ್ಣ ನೋಡ್ಕೋತ ನಿಂದ್ರು. ಅಳ್ಳಾಡಿದ್ರ ಹೇಳು."

"ಅಳ್ಳಾಡಿದ್ರ ಏನಾಕ್ಕೈತ್ರಿ? ಅಪಶಕುನಾನ?"

"ಹೇಳು ಅಂದ್ರ ಹೇಳವಾ ಮಾರಾಯ್ತಿ."

ಪೆಟ್ಟಿಗೆಯ ಹಿಂದೆ ಹೋಗಿ ಕೂತರೆ ಅವರಿಗೆ ಮುಂಭಾಗ ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗುತ್ತಿದ್ದರು: "ಹಣ್ಣು ಎಲ್ಲೈತಿ?" ಇಟ್ಟಲ್ಲೇ ಐತಿ ಎಂದ ಮೇಲೆ ದಿಮ್ಮಿಗಳನ್ನು ಬಡಿದು ತೆಗೆದು, ಪೆಟ್ಟಿಗೆಯನ್ನು ಗಾಲಿಯ ಮೇಲೆ ಇಳಿಸಿ, ಮುಂದೆ ಬಂದು ಗಾಲಿಗಳ ಬ್ರೇಕು ಒತ್ತುತ್ತಿದ್ದರು. ಹಿಂದಿನ ಗೋಡೆಯ ಬಳಿ ಎರಡು ಪೆಟ್ಟಿಗೆ ಹೀಗೇ ಮುಗಿದವು.

ಮೂರನೆಯದು ಬಾಗಿಲ ಹತ್ತಿರದ್ದು. ತೊಳೆದ ನೀರು ರಸ್ತೆಗೆ ಹೋಗಲೆಂದು ಅಲ್ಲಿ ನೆಲವನ್ನು ಇಳಿಜಾರು ಮಾಡಿದ್ದರು. ದಿನಾ ಅದೇ ನೀರನ್ನು ಪೊರಕೆಯಿಂದ ತಳ್ಳುತ್ತಿದ್ದವಳು ನಾನು. ಕಾಕಾ ಹಣ್ಣಿಟ್ಟು ಹಿಂದೆ ಹೋದರು. ಅದು ಒಂದು ಗಳಿಗೆ ನಿಂತಿತು, ಆಮೇಲೆ ಹೊರಳಿತು. ಉರುಳುತ್ತ ಬಂದು ನನ್ನ ಪಾದಕ್ಕೆ ತಾಗಿತು. ಎದೆ ಝಲ್ಲೆಂದಿತು. ಆ ಝಲ್ಲೆಂದದ್ದೇ ನನ್ನ ಸಿಟ್ಟಿಗೆ ಕಾರಣ. ಹಣ್ಣನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದೆ. ಕೆಲಸ ಮುಗಿಯಲಿ, ಆಮೇಲೆ ತೋರಿಸುತ್ತೇನೆ, ನೋಡ್ರಿ ಕಾಕಾ, ಹಣ್ಣು ಅಳ್ಳಾಡಿತ್ತು, ಏನೂ ಆಗಲಿಲ್ಲ... ಇದಕ್ಕಿಂತ ಒಳ್ಳೆಯ ಪುರಾವೆ ಹಳಿಯಾಳಕ್ಕೆ ಎಲ್ಲಿ ಸಿಗಬೇಕು?

"ಹಣ್ಣು ಎಲ್ಲೈತಿ?"

"ಇಟ್ಟಲ್ಲೇ ಐತ್ರಿ."

ದಿಮ್ಮಿಗೆ ಸುತ್ತಿಗೆಯ ಏಟು ಬಿತ್ತು. ಪೆಟ್ಟಿಗೆ ಇಳಿಯಿತು. ಗಾಲಿಗಳು ಒಮ್ಮೆ ಕಿರ್ರೆಂದವು, ಮತ್ತೆ ಸದ್ದೇ ಇಲ್ಲ. ಸದ್ದಿಲ್ಲದೆ ಅದು ನನ್ನ ಕಡೆ ಹೊರಟಿತ್ತು. ನನ್ನ ಹಿಂದೆ ಅರ್ಧ ಇಳಿಸಿದ ಶಟರು. ಕಪ್ಪು ಗಾಜಿನಲ್ಲಿ ನನ್ನ ಮುಖ ದೊಡ್ಡದಾಗುತ್ತ ಬಂತು. ಎಲ್ಲಿ ಬೇಕಾದರೂ ಮಾತು ಹುಟ್ಟುತ್ತಿದ್ದ ಬಾಯಲ್ಲಿ ಕಾಕಾ ಎಂಬ ಎರಡಕ್ಷರವೂ ಹುಟ್ಟಲಿಲ್ಲ. ಆದರೂ ಪೆಟ್ಟಿಗೆ ಸರಿದದ್ದು ಕಂಡು ಅವರು ಮುಂದೆ ಓಡಿ ಬಂದರು. ಬಗ್ಗಿ, ಕೈಯಲ್ಲಿದ್ದ ಕಟ್ಟಿಗೆಯ ತುಂಡನ್ನು ಗಾಲಿಯಡಿ ತುರುಕಿದರು. ತುಂಡಿನ ಸಂಗಡ ಬಲಗೈ ಕೂಡ ಒಳಗೆ ಹೋಯಿತು.

ಪೆಟ್ಟಿಗೆ ನನ್ನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಕಾಕಾ ಕೈ ಎಳೆದುಕೊಂಡರು. ನೆಲಕ್ಕೆ ಕೂತು ನನ್ನ ಮುಷ್ಟಿಯನ್ನೇ ನೋಡಿದರು. ಹಣ್ಣು ಒಡೆದು ಬೆರಳ ಸಂದಿಯಿಂದ ರಸ ತೊಟ್ಟಿಕ್ಕುತ್ತಿತ್ತು. ಹಣ್ಣು ಉರುಳಿದರೆ ಗಾಲಿಗೆ ಮೊದಲೇ ತುಂಡು ಕೊಟ್ಟು, ಆಮೇಲೆ ಪೆಟ್ಟಿಗೆ ಇಳಿಸಬೇಕು. ಅದಕ್ಕೇ ಆ ತುಂಡು ಅವರ ಬಳಿ ಸಿದ್ಧವಿತ್ತು. ಅದು ಶಕುನವಲ್ಲ, ನೆಲದ ಅಳತೆ. ಇಷ್ಟನ್ನು ಅವರು ಬಿಡಿಸಿ ಹೇಳಿರಲಿಲ್ಲ. ತಿಳಿಯಲೆಂದು ನಾನು ಕೇಳಿಯೂ ಇರಲಿಲ್ಲ. ನನ್ನ ಪ್ರಶ್ನೆಗಳೆಲ್ಲ ಗೆಲ್ಲಲು ಹುಟ್ಟಿದವು.

ಚಹಾ ತರಲು ಹೋಗಿದ್ದ ಅಣ್ಣ ಓಡಿ ಬಂದ. "ಏನಾತ್ರಿ ಕಾಕಾ?"

"ತುಂಡು ಕೊಡೂದು ಮರತೆ. ನಂದ ತಪ್ಪು." ಆಮೇಲೆ ನನ್ನ ಕಡೆ ತಿರುಗಿ, "ಕೈ ತೊಳ್ಕೊ ಹೋಗವಾ," ಎಂದರು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಸುತ್ತಿಗೆ ಹಿಡಿಯುವ ಕೈ. ಸ್ವಲ್ಪ ದಿನಕ್ಕೆ ಕೆಲಸದ ಹತಾರಗಳನ್ನು ಮಾರಿ ಕೋಗಿಲಬನಕ್ಕೆ, ತಮ್ಮನ ಮನೆಗೆ ಹೋದರು. ಅಲ್ಲಿಯವರೆಗೆ ಅವರ ಕೆಮ್ಮು ಓಣಿಯಲ್ಲಿ ಕೇಳಿದರೆ ನಾನು ಒಳಗೆ ಅಡಗುತ್ತಿದ್ದೆ. ಇವತ್ತು ಹೇಳಿಬಿಡುತ್ತಾರೆ, ಇವತ್ತು ಹೇಳಿಬಿಡುತ್ತಾರೆ... ಅವರು ಹೇಳಲಿಲ್ಲ. ಹಳಿಯಾಳದಲ್ಲಿ ನನಗೆ ಮೊದಲ ಬಹುಮಾನ ಬಂದಾಗ "ನಮ್ಮ ವಕೀಲವ್ವ ಗೆದ್ದ ಬಂದಾಳ" ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡರಂತೆ. ಅದನ್ನು ಕೇಳಿದ ಮೇಲೆ ಹೆದರಿಕೆ ಇನ್ನೂ ಹೆಚ್ಚಿತು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಫೋನಿನಲ್ಲಿ ಅಣ್ಣ ಹೇಳಿದ: "ಭಾಳ ಹುಷಾರಿ ಮನಷ್ಯಾ. ಅವತ್ತೊಂದ ದಿನ ಹೆಂಗ ಮರತರೋ ಏನೋ." ಆಗಲೂ ನಾನು ಹ್ಞೂಂ ಎಂದೆ.

ಹೋದ ವಾರ ಚೀಲದಿಂದ ಬಿದ್ದ ಆ ನಿಂಬೆಹಣ್ಣು ಇನ್ನೂ ಹೊಸ್ತಿಲ ಬಳಿಯೇ ಇದೆ. ಸಿಪ್ಪೆ ಸುಕ್ಕುಗಟ್ಟಿದೆ. ಗುಡಿಸುವಾಗ ಅದರ ಸುತ್ತ ಗುಡಿಸುತ್ತೇನೆ. ಭಾನುವಾರ ಅಣ್ಣ ಬರುತ್ತಾನೆ. ಒಳಗೆ ಕಾಲಿಡುವ ಮುಂಚೆ ಅದನ್ನು ನೋಡಿಯೇ ನೋಡುತ್ತಾನೆ, ಇದ್ಯಾಕ ಇಲ್ಲೈತಿ ಎಂದು ಕೇಳಿಯೇ ಕೇಳುತ್ತಾನೆ. ಎತ್ತಿಬಿಟ್ಟರೆ ಅವನು ಕೇಳುವುದೂ ಇಲ್ಲ, ನಾನು ಹೇಳುವುದೂ ಇಲ್ಲ. ಇವತ್ತು ಶುಕ್ರವಾರ. ಎರಡು ಸಲ ಬಗ್ಗಿ, ಎತ್ತದೆ ಎದ್ದಿದ್ದೇನೆ.