ಮಾವನ ಗಿರಣಿಯ ನಡುಕ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಊಟದ ತಟ್ಟೆಯ ಮುಂದೆ ಕೂತರೂ ಎಡಗಾಲು ತನ್ನಷ್ಟಕ್ಕೆ ತಾನು ಅಲ್ಲಾಡುತ್ತಿರುತ್ತದೆ. "ಕಾಲು ಅಲ್ಲಾಡಸಬ್ಯಾಡೋ, ಮನಿಗಿ ಒಳ್ಳೇದಲ್ಲ" ಎಂದು ಬೈದೂ ಬೈದೂ ಅವ್ವ ಸುಸ್ತಾಗಿ ಕೈಬಿಟ್ಟಳು.

ಹೈದರಾಬಾದಿನಲ್ಲಿ ಬಿ.ಇ. ಮುಗಿಸಿ ನಾನು ಯಾದಗಿರಿಗೆ ಬಂದಾಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಗಳಲ್ಲಿ ಉರ್ದುವಿನಲ್ಲೇ ತಲೆ ನೆರೆದವರು ಕನ್ನಡ ತಿದ್ದುತ್ತಿದ್ದರು. ಬೋರ್ಡುಗಳ ಹಳೆಯ ಅಕ್ಷರಗಳ ಮೇಲೆ ಹೊಸ ಬಣ್ಣ ಬಿದ್ದಿತ್ತು. ಹೊಸ ಸರ್ಕಾರಕ್ಕೆ ಇಂಜಿನಿಯರುಗಳು ಎಷ್ಟು ಸಿಕ್ಕರೂ ಸಾಲದು. ನನ್ನ ಜೊತೆ ಓದಿದವರೆಲ್ಲ ನೌಕರಿಯ ಆರ್ಡರ್ ಹಿಡಿದು ಜೀಪು ಹತ್ತಿದರು. ನಾನೊಬ್ಬ ಮೆಕ್ಯಾನಿಕಲ್‌ನಲ್ಲಿ ಎಂ.ಇ. ಮಾಡುತ್ತೇನೆಂದು ಬೆಂಗಳೂರಿನ ರೈಲು ಹತ್ತಿದೆ.

ಅಲ್ಲಿಗೆ ನನ್ನ ಮಾನ ಹೋಯಿತು. ಎಂ.ಇ. ಎನ್ನುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಪಾಸಾದ ಇಂಜಿನಿಯರಿಗೆ ಜೀಪು ಸಿಗುತ್ತದೆ. ಜೀಪು ಸಿಗದೆ ಮತ್ತೆ ಕ್ಲಾಸಿನಲ್ಲಿ ಹೋಗಿ ಕೂತವನು ಫೇಲಾದವನಲ್ಲದೆ ಇನ್ನೇನು? ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಸುರಪುರಕ್ಕೆ ಹೊರಟವನು ಶಹಾಪುರದಲ್ಲಿ ಬಸ್ಸು ನಿಂತಾಗ ಚಹಾಕ್ಕೆ ಇಳಿದೆ. ಚಿಕ್ಕಂದಿನಿಂದ ನನ್ನನ್ನು ಬಲ್ಲ ಹೋಟೆಲಿನ ಸಾಹೇಬರು ಕಂಡದ್ದೇ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

"ಈ ಸಲರೆ ಪಾಸ್ ಆಗ್ತಿಯೇನಪಾ?"

"ನಾ ಪಾಸಾಗೇ ಹೋಗೀನ್ರಿ. ಇದು ಅದರ ಮುಂದಿನ ಓದು."

"ಹೌದೌದು, ಮುಂದಿನ ಓದು. ಹಿಮ್ಮತ್ ಬಿಡಬ್ಯಾಡ."

ಸಿಟ್ಟು ನೆತ್ತಿಗೇರಿತು. ಆದರೆ ಕರುಣೆ ತೋರಿಸುವವರ ಜೊತೆ ಜಗಳ ಆಡುವುದು ಹೇಗೆ? ಚಹಾ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಮಂದಿ ಏನಾದರೂ ಅಂದುಕೊಳ್ಳಲಿ ಎಂದು ಸುಮ್ಮನಿರುವಂತೆಯೂ ಇರಲಿಲ್ಲ. ಸುರಪುರದಲ್ಲಿ ಅವ್ವನ ಅಣ್ಣ, ನನ್ನ ಸೋದರಮಾವ, ಹಿಟ್ಟಿನ ಗಿರಣಿ ಇಟ್ಟಿದ್ದ. ಅವನ ಮಗಳನ್ನು ನನಗೇ ಕೊಡುವುದೆಂದು ನಾವಿಬ್ಬರೂ ಚಿಕ್ಕವರಿದ್ದಾಗಲೇ ಮಾತಾಗಿತ್ತು. ಹಿರಿಯರ ಮಾತು ಹಾಗಿರಲಿ, ನನಗೆ ಅವಳೆಂದರೆ ಜೀವ. ಫೇಲಾದ ಸುದ್ದಿ ನನಗಿಂತ ಮೊದಲೇ ಆ ಮನೆ ಮುಟ್ಟಿತ್ತು.

ಮಾವ ಕೆಟ್ಟವನಲ್ಲ. ನೇರ ಮಾತಿನವನು, ಅಷ್ಟೇ. ಊಟವಾದ ಮೇಲೆ ನನ್ನನ್ನು ಗಿರಣಿಯೊಳಗೆ ಕರೆದುಕೊಂಡು ಹೋದ. ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ. ಮಾವನ ಎಣ್ಣೆ ಇಂಜಿನ್ನು ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳ, ಹಳೆಯ ಸ್ಲೀಪರುಗಳ, ಮೇಲೆ ಕೂತಿತ್ತು. ಚಾಲೂ ಆದರೆ ಸಾಕು, ಕೂತಲ್ಲೇ ಕುಣಿಯುತ್ತಿತ್ತು. ಬೀಸುವ ಕಲ್ಲು ತಿರುಗಿಸುವ ಪಟ್ಟಾ ಜಾರುತ್ತಿತ್ತು, ಜೋಳ ತಂದ ಹೆಂಗಸರು ದೂರ ಸರಿದು ನಿಲ್ಲುತ್ತಿದ್ದರು.

"ನೋಡಳಿಯಾ, ಖರೇನ ಪಾಸಾಗಿದ್ರ ಇದರ ಕುಣಿತ ನಿಲ್ಲಸು. ಮಂದಿ ಬಾಯೀನೂ ಮುಚ್ಚತೈತಿ."

ಇಷ್ಟೇನಾ ಎಂದುಕೊಂಡೆ. ಅಲ್ಲಾಡುವುದನ್ನು ಗಟ್ಟಿಯಾಗಿ ಹಿಡಿದರೆ ಅಲ್ಲಾಡುವುದಿಲ್ಲ, ಇದಕ್ಕೆ ಪುಸ್ತಕ ಬೇರೆ ಬೇಕೆ? ಅರ್ಧ ಕೊಳೆತು ಲಡ್ಡಾಗಿದ್ದ ಸ್ಲೀಪರುಗಳನ್ನು ಕಿತ್ತು ಹಿತ್ತಲಿಗೆ ಹಾಕಿಸಿದೆ. ನೆಲ ಅಗೆಸಿ, ಗೋಡೆಯ ಬುಡದವರೆಗೂ ಸಿಮೆಂಟಿನ ಕಟ್ಟೆ ಹಾಕಿಸಿ, ದಪ್ಪ ಬೋಲ್ಟುಗಳಿಂದ ಇಂಜಿನ್ನನ್ನು ಬಿಗಿದೆ. ಸಿಮೆಂಟು ಒಣಗುವವರೆಗೆ ಕಾಯುವುದೇ ನನಗೆ ಶಿಕ್ಷೆ. ಗಳಿಗೆಗೊಮ್ಮೆ ಹೋಗಿ ಬೆರಳಿನಿಂದ ಒತ್ತಿ ನೋಡುತ್ತಿದ್ದೆ.

ಚಾಲೂ ಮಾಡಿದ ದಿನ ಇಂಜಿನ್ನು ಮಿಸುಕಲಿಲ್ಲ. ಅದರ ತಲೆಯ ಮೇಲೆ ಮಾವ ಚಹಾದ ಕಪ್ಪು ಇಟ್ಟು ನೋಡಿದ. ತುಳುಕಲಿಲ್ಲ. "ಶಾಬಾಶ್" ಎನ್ನುವಷ್ಟರಲ್ಲಿ ಮನೆಯೊಳಗಿಂದ ಢಣ್ ಎಂದು ಸದ್ದು, ಹಿಂದೆಯೇ ಅತ್ತೆಯ ಚೀರಾಟ. ಓಡಿ ಹೋಗಿ ನೋಡಿದರೆ ಅಡುಗೆಮನೆಯ ಹಲಗೆಯ ಮೇಲಿನ ಚರಿಗೆ, ತಂಬಿಗೆಗಳು ಒಂದೊಂದೇ ಸರಿಯುತ್ತ ಬಂದು ಕೆಳಗೆ ಉದುರುತ್ತಿದ್ದವು. ಬಾಗಿಲು ಪಟಪಟ ಅನ್ನುತ್ತಿತ್ತು. ಗೋಡೆಯ ಸುಣ್ಣ ಹಿಟ್ಟಿನ ಬುಟ್ಟಿಗೆ ಬೀಳುತ್ತಿತ್ತು. ಇಂಜಿನ್ನಿನ ನಡುಕವನ್ನು ನಾನು ನಿಲ್ಲಿಸಿರಲಿಲ್ಲ, ಮನೆಗೆ ವರ್ಗ ಮಾಡಿದ್ದೆ.

"ಯಾಕ ಹಿಂಗಾತು?" ಎಂದ ಮಾವ.

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟು ಅವಮಾನ ನನಗೆ ಮತ್ತೆಂದೂ ಆಗಿಲ್ಲ.

"ಹಂಗಾದ್ರ ಕೇಳು. ನೌಕರಿ ಆರ್ಡರ್ ತಂದು ತೋರಸು, ಮರುದಿನಾನ ಲಗ್ನ ಮಾಡ್ತೀನಿ. ಮತ್ತ ಓದಾಕ ಹೋಗ್ತೀನಿ ಅಂದ್ರ, ಕಕ್ಕೇರಾದಾಗ ಒಬ್ಬ ಓವರ್‌ಸಿಯರ್ ಅದಾನ. ಅವರು ಕೇಳಾಕತ್ತಾರ."

ಹಿತ್ತಲಿನಲ್ಲಿ ಮಾವನ ಮಗಳು ನೆಗ್ಗಿದ ಪಾತ್ರೆಗಳನ್ನು ಬೆಳಗುತ್ತಿದ್ದಳು. ಹೋಗಿ ಕಿತ್ತು ಹಾಕಿದ ಸ್ಲೀಪರಿನ ಮೇಲೆ ಕೂತೆ. ಅವಳು ತಲೆ ಎತ್ತದೆ ಕೇಳಿದಳು.

"ಅದು ಯಾಕ ಹಂಗಾತು ಅಂತ ನೌಕರಿಗಿ ಹೋದ್ರ ತಿಳಿತೈತೇನು?"

"ಅಲ್ಲೇನು ತಿಳಿತೈತಿ, ಮಣ್ಣು. ರೋಡಿಗಿ ಜಲ್ಲಿ ಹಾಕಸೋದು."

"ಓದಿದ್ರ?"

"ತಿಳಿಬಹುದು."

"ಹಂಗಾದ್ರ ತಿಳಕೊಂಡ ಬಾ. ಅರ್ಧಾ ಬಿಟ್ಟು ಬಂದ್ರ ಜೀವನ ಪೂರಾ ಕಾಲು ಅಲ್ಲಾಡಸ್ಕೊಂತ ಕುಂದರತಿ."

"ಮಾವ?"

"ನಮ್ಮಪ್ಪನ್ನ ನಾ ನೋಡ್ಕೋತೀನಿ."

ಅವಳೇನು ನೋಡಿಕೊಂಡಾಳು ಎಂದು ನನಗೆ ನಂಬಿಕೆ ಬರಲಿಲ್ಲ. ಆದರೂ ಹೋದೆ.

ಅದು ಬೆಂಗಳೂರಿನ ಕೊನೆಯ ವರ್ಷ. ನನ್ನ 'ಮಾಡಾಕತ್ತೇನಿ', 'ಹೋಗಾಕತ್ತೇನಿ' ಕೇಳಿ ಹಾಸ್ಟೆಲಿನ ಹುಡುಗರು ನಗುತ್ತಿದ್ದರು. ನಗಲಿ ಬಿಡು ಎನ್ನುವ ತಾಳ್ಮೆ ನನ್ನಲ್ಲಿರಲಿಲ್ಲ, ಜಗಳಕ್ಕೆ ಹೋಗುತ್ತಿದ್ದೆ. ಯಂತ್ರಗಳ ಅಡಿಪಾಯದ ಕಂಪನವನ್ನೇ ಪ್ರಬಂಧಕ್ಕೆ ಕೇಳಿ ಪಡೆದೆ. ಪ್ರಯೋಗಾಲಯದಲ್ಲಿ ಒಂದು ಪುಟ್ಟ ಇಂಜಿನ್ನನ್ನು ಒಮ್ಮೆ ಕಬ್ಬಿಣಕ್ಕೆ, ಒಮ್ಮೆ ಮರಕ್ಕೆ, ಒಮ್ಮೆ ರಬ್ಬರಿಗೆ ಕೂರಿಸಿ ಅಳೆದೆ. ತಿಳಿಯುತ್ತ ಬಂತು. ನಡುಕವನ್ನು ಬಿಗಿಹಿಡಿದರೆ ಅದು ಸಾಯುವುದಿಲ್ಲ, ಹಿಡಿದವನೊಳಗೆ ಇಳಿಯುತ್ತದೆ. ಮಾವನ ಸ್ಲೀಪರುಗಳು ಅಷ್ಟು ವರ್ಷ ಅದನ್ನು ತಾವೇ ನುಂಗಿಕೊಂಡಿದ್ದವು. ಅವನ್ನು ಕಿತ್ತು, ಕಟ್ಟೆಯನ್ನು ಗೋಡೆಗೆ ಸೇರಿಸಿ, ಇಡೀ ಮನೆಯನ್ನೇ ಇಂಜಿನ್ನಿಗೆ ಬಿಗಿದವನು ನಾನು.

ತಿಳಿದದ್ದನ್ನು ಬರೆಯಲು ಕೂತ ಹೊತ್ತಿಗೇ ಯಾದಗಿರಿಯಿಂದ ಅಪ್ಪನ ಕಾರ್ಡು ಬಂತು. ಕಕ್ಕೇರಾದವರು ಹುಡುಗಿಯನ್ನು ನೋಡಲು ಬರುತ್ತಾರಂತೆ. ಚೀಲ ತುಂಬಿಕೊಂಡು ಸ್ಟೇಷನ್ನಿಗೆ ಹೋದೆ. ಹೋದರೆ ಪ್ರಬಂಧ ಮುಳುಗುತ್ತದೆ, ಇದ್ದರೆ ಅವಳು ಹೋಗುತ್ತಾಳೆ. ರೈಲು ಬಿಡುವವರೆಗೂ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅಡ್ಡಾಡಿದೆ. ಅದು ಹೋಯಿತು. ನಾನು ಅಳುತ್ತ ಹಾಸ್ಟೆಲಿಗೆ ನಡೆದೆ.

ಆಮೇಲೆ ಊರಿನಿಂದ ಒಂದು ಸಾಲೂ ಬರಲಿಲ್ಲ. ಮುಗಿಯಿತು ಎಂದೇ ತಿಳಿದೆ. ಎಂ.ಇ. ಪಾಸು ಮಾಡಿ ಯಾದಗಿರಿಯಲ್ಲಿ ಇಳಿದಾಗ ಏನಾಯಿತೆಂದು ಅವ್ವನನ್ನು ಕೇಳಲು ಬಾಯಿ ಬರಲಿಲ್ಲ. "ಸುರಪುರಕ್ಕ ಹೋಗಿ ಬಾ, ನಿಮ್ಮಾವ ಕರದಾನ" ಎಂದಷ್ಟೇ ಹೇಳಿದಳು. ಶಹಾಪುರದ ಸಾಹೇಬರು ನನ್ನ ಮುಖ ನೋಡಿ ಈ ಸಲ ಏನೂ ಕೇಳಲಿಲ್ಲ. ನಾನೇ "ಪಾಸಾದೆ" ಎಂದೆ. ಅವರು ಎದ್ದು ಬಂದು ತಬ್ಬಿಕೊಂಡು, ನಿಂತವರಿಗೆಲ್ಲ ಚಹಾ ಕೊಡಿಸಿದರು.

ಸುರಪುರದಲ್ಲಿ ಇಳಿದಾಗ ಇಂಜಿನ್ನಿನ ಸದ್ದು ಬಸ್ ನಿಲ್ಲುವಲ್ಲಿಗೇ ಕೇಳುತ್ತಿತ್ತು. ಮನೆಯಲ್ಲಿ ಪಾತ್ರೆಗಳೆಲ್ಲ ಹಲಗೆ ಬಿಟ್ಟು ನೆಲದ ಮೇಲೆ ಇದ್ದವು. ಅವಳೂ ಇದ್ದಳು, ಬಾಗಿಲ ಹಿಂದೆ.

"ಏನ್ ಹೇಳ್ಲಿ ಅಳಿಯಾ" ಎಂದ ಮಾವ. "ಅವರು ನೋಡಾಕ ಬರೋ ದಿವಸ ಗಿರಣಿ ಬಂದ್ ಇಡ್ರಿ ಅಂತ ಆಳುಗಳಿಗಿ ಹೇಳಿಟ್ಟಿದ್ದೆ. ಎಲ್ಲಾರೂ ಚಾದ ಕಪ್ಪು ಕೈಯಾಗ ಹಿಡದಾಗ ಯಾರು ಚಾಲೂ ಮಾಡಸಿದ್ರೋ! ಗಂಡಿನ ಬಿಳಿ ಧೋತ್ರದ ಮ್ಯಾಲ ಚಾ, ಅವರವ್ವನ ತಲಿ ಮ್ಯಾಲ ಸುಣ್ಣ. ನಡಗೋ ಮನಿ ಹೆಣ್ಣು ಬ್ಯಾಡಂತ ಎದ್ದು ಹೋದ್ರು. ಯಾದಗಿರಿ ಮಿಸ್ತ್ರಿನ್ನ ಕರಸ್ತೀನಿ ಅಂದ್ರ ಈಕಿ ಬಿಡಲಿಲ್ಲ. ಮಾಡಿದಾವನ ಬಂದು ಸರಿ ಮಾಡ್ಲಿ ಅಂದಳು."

ಇಂಜಿನ್ನು ಬಂದ್ ಮಾಡಿಸಿದೆ. ಗೋಡೆಯಿಂದ ಕಟ್ಟೆಯನ್ನು ಕಡಿದು ಬೇರೆ ಮಾಡುವುದು, ಹೊಸ ಸ್ಲೀಪರು ಹಾಕುವುದು, ಎಲ್ಲ ತಲೆಯಲ್ಲಿತ್ತು. ಮಂಡಿಯೂರಿ ಮೊದಲ ಬೋಲ್ಟಿಗೆ ಪಾನಾ ಹಾಕಿದೆ. ತುಕ್ಕು ಹಿಡಿದಿತ್ತು, ಬಿಚ್ಚಿಕೊಳ್ಳಲೊಲ್ಲದು. ಹಿಂದೆ ಬಳೆಯ ಸದ್ದಾಯಿತು. ಎಣ್ಣೆಯ ಡಬ್ಬಿ ಹಿಡಿದು ಅವಳು ನಿಂತಿದ್ದಳು.

"ಆವತ್ತ ಚಾಲೂ ಮಾಡಸಿದಾಕಿ ನಾನ" ಎಂದಳು. "ಜ್ವಾಳ ತಂದವರು ಕುಂತಾರ, ಚಾಲೂ ಮಾಡಂತ ಅಪ್ಪ ಹೇಳ್ಯಾನ ಅಂತ ಆಳಿಗಿ ಅಂದೆ."

ಅವಳು ಬಗ್ಗಿ ಬೋಲ್ಟಿನ ಮೇಲೆ ಎಣ್ಣೆ ಬಿಟ್ಟಳು.

"ಈಗ ಬಿಚ್ಚು. ಇನ್ನ ನನಗ ಆ ನಡುಕದ ಕೆಲಸ ಇಲ್ಲ."