ಸೀಲು ಒಡೆಯದ ಮೂರು ಕಾರ್ಟ್ರಿಡ್ಜ್

ನನ್ನ ಸೋದರಮಾವ ಸಾತನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಮದುವೆ, ನಾಮಕರಣ, ಚುನಾವಣೆ ಏನೇ ಇರಲಿ, ಗ್ರಾಮಫೋನ್ ತಟ್ಟೆ ಹಾಕಿ ಊರಿನ ಕಿವಿ ತೂತು ಮಾಡುವುದು ಅವನ ಕಸುಬು. ಕ್ಯಾಸೆಟ್ ಬಂದ ಮೇಲೆ ಅಂಗಡಿ ಮುಚ್ಚಿದ. ಒಂದು ಪ್ಲೇಯರ್, ಸೀಲು ಒಡೆಯದ ಮೂರು ಕಾರ್ಟ್ರಿಡ್ಜ್ ಅವನ ಬೀರುವಿನಲ್ಲಿ ಉಳಿದವು. ಕಾರ್ಟ್ರಿಡ್ಜ್ ಎಂದರೆ ಪ್ಲೇಯರಿನ ಕೈಯ ತುದಿಯಲ್ಲಿ ಸೂಜಿ ಹಿಡಿದುಕೊಂಡಿರುವ ಪುಟ್ಟ ಡಬ್ಬಿ.

ಅವು ಉಳಿಯಲು ಕಾರಣ ನಮ್ಮವ್ವ. ಹರೆಯದಲ್ಲಿ ಅವಳು ಭಜನೆ ಮೇಳದವರ ಜೊತೆ ಬೆಂಗಳೂರಿಗೆ ಹೋಗಿ, ಕಬ್ಬಾಳಮ್ಮ ದೇವಿಯ ಹಾಡಿನ ಒಂದು ತಟ್ಟೆಗೆ ಹಾಡಿ ಬಂದಿದ್ದಳು. ಎರಡನೇ ಚರಣದ ಮೇಲಿನ ಸ್ಥಾಯಿಯ ಸಾಲು ಅವಳೊಬ್ಬಳದೇ. ಮಾವನ ಪ್ಲೇಯರಿನಲ್ಲಿ ಮೊದಲ ಸಲ ಹಾಕಿದಾಗ ಆ ಸಾಲಿನಲ್ಲಿ ದನಿ ಒಡೆಯಿತು. ಮಾವ ನಕ್ಕ. ನಿನ್ನ ಸೂಜಿ ಸವೆದಿದೆ ಎಂದಳು ಅವ್ವ. ಮಾವ ಹಟಕ್ಕೆ ಬಿದ್ದು ಮೂರು ಹೊಸ ಕಾರ್ಟ್ರಿಡ್ಜ್ ತಂದು, ಅಕ್ಕನ ತಟ್ಟೆಗಲ್ಲದೆ ಬೇರೆಯದಕ್ಕೆ ಇವುಗಳ ಸೀಲು ಒಡೆಯುವುದಿಲ್ಲ ಎಂದ. ಅವ್ವ ತಟ್ಟೆಯನ್ನು ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಬೀಗ ಹಾಕಿದಳು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ಸೂಜಿಯೋ ದನಿಯೋ ಎಂಬ ವ್ಯಾಜ್ಯ ಮಾತ್ರ ಮಾವ ಊಟಕ್ಕೆ ಬಂದಾಗಲೆಲ್ಲ ಏಳುತ್ತಿತ್ತು.

ಹೋದ ವರ್ಷ ಅವ್ವನ ಕಿವಿ ಮಂದವಾಯಿತು. ಒಂದು ಬೆಳಿಗ್ಗೆ ತಾನಾಗಿಯೇ ಬೀಗದ ಕೈ ಕೊಟ್ಟಳು.

"ಕಿವಿ ಪೂರಾ ಓಗೋಕ್ ಮುಂಚೆ ಒಂದ್ಸಲ ಕೇಳ್ಬುಡ್ತೀನಿ. ನಿಮ್ಮಾವನ್ನ ಬರೇಳು."

ಮಾವ ಕಾರ್ಟ್ರಿಡ್ಜ್ ಮೂರನ್ನೂ ಜೇಬಿಗಿಳಿಸಿ, ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಮನಗರದ ನಮ್ಮ ಮನೆಗೆ ಬಂದ. ನನಗೆ ಧೈರ್ಯ ಸಾಲಲಿಲ್ಲ. ಕಾರ್ಟ್ರಿಡ್ಜಿನ ಒಳಗಿನ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ, ಇರುವ ಒಂದೇ ತಟ್ಟೆಯನ್ನು ಸೂಜಿ ಉತ್ತುಬಿಡುತ್ತದೆ.

"ಸೀಲೇ ಒಡ್ದಿಲ್ಲ ಕಣ್ಲಾ, ತಂದಂಗೇ ಐತೆ. ಅದುಕ್ಕೇನಾಯ್ತದೆ?" ಎಂದು ಮಾವ ರೇಗಿದ.

ಆದರೂ ಮೊದಲು ಹಳೆಯ ಸಿನಿಮಾ ಹಾಡಿನ ತಟ್ಟೆಯೊಂದರ ಮೇಲೆ ಒಂದೊಂದನ್ನೇ ಹಾಕಿ ನೋಡಿದೆ. ಮೊದಲನೆಯದು ಉಸಿರೆತ್ತಲಿಲ್ಲ. ಎರಡನೆಯದು ಮಡಕೆಯೊಳಗಿಂದ ಮಾತಾಡಿದ ಹಾಗಿತ್ತು. ಮಾವನ ಮುಖ ಸಣ್ಣದಾಯಿತು. ಮೂರನೆಯದು ಮಾತ್ರ ಚೆನ್ನಾಗಿ ಹಾಡಿತು. ಪಿಟೀಲು, ತಬಲ, ಗಾಯಕಿ ಉಸಿರೆಳೆದುಕೊಂಡದ್ದು, ಎಲ್ಲ ಬಿಡಿಬಿಡಿಯಾಗಿ ಕೇಳಿಸಿತು.

"ನಾನೇಳ್ಲಿಲ್ವಾ?" ಎಂದ ಮಾವ.

ಅವ್ವನ ತಟ್ಟೆ ಹಾಕಿದೆ. ಅವಳು ಸ್ಪೀಕರಿಗೆ ಕಿವಿ ಆನಿಸಿ ಕುಳಿತಳು. ಎರಡನೇ ಚರಣ ಬಂತು. ಮೇಲಿನ ಸಾಲಿನಲ್ಲಿ ದನಿ ಒಡೆಯಿತು, ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿ.

ಗೆದ್ದವನು ಮಾವ. ಅವನು ಪ್ಲೇಯರ್ ನಿಲ್ಲಿಸಿ, ಬಗ್ಗಿ ಸೂಜಿ ನೋಡಿದ.

"ಇದೂ ಓಗೈತೆ ಕಣಕ್ಕ," ಎಂದ. "ಇಷ್ಟೊರ್ಸ ಡಬ್ಬೀಲಿದ್ರೆ ಕೆಡ್ದೆ ಇರ್ತದಾ?"

ಅವ್ವ ಅವನ ಕೈ ಸರಿಸಿದಳು.

"ಸೂಜಿ ಚೆಂದಾಗೈತೆ ಕಣ್ಲಾ. ಇನ್ನೊಂದ್ಸಲ ಆಕು."