ಸ್ವರ್ಣಲತಾಳ ನೀಲಿ ಸ್ಕರ್ಟು

ಈ ಮರಾಠಿ ನಾಡಿನ ಕೋಪರಖೈರಣೆಯಲ್ಲಿ ನಮ್ಮ ಊರಿನವರು ಸ್ವರ್ಣಲತಾಳಿಗೆ ಇಟ್ಟ ಹೆಸರು ‘ಸ್ಕರ್ಟಿನ ಸ್ವರ್ಣ’. ಎದುರಿನಲ್ಲಿ ಅಲ್ಲ, ಬೆನ್ನ ಹಿಂದೆ. ಎದುರು ಹೇಳುವ ಧೈರ್ಯ ಯಾರಿಗುಂಟು? ನಾನು ಅವಳ ಪಕ್ಕದ ಮನೆಯ ವಿನೋದಾ. ಆ ಸ್ಕರ್ಟು ಕೊಳ್ಳಲಿಕ್ಕೆ ಜೊತೆಗೆ ಹೋದವಳೂ ನಾನೇ. ಹಾಗಾಗಿ ಬಾಯಿಗೆ ಬಂದ ಹಾಗೆ ಮಾತಾಡುವವರು ಸ್ವಲ್ಪ ಸುಮ್ಮನಿರಿ, ಆದದ್ದೇನು ಅಂತ ನಾನು ಹೇಳ್ತೇನೆ.

ಅವಳು ಕಾರ್ಕಳದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಲೋಕನಾಥ ಒಳ್ಳೆಯ ಜನ, ಆದರೆ ಬಾಯಿಲ್ಲದವನು. ಘೋಡಬಂದರ್ ರಸ್ತೆಯಲ್ಲಿ ಸ್ವರ್ಣಳ ಅಣ್ಣ ಕಮಲಾಕ್ಷಣ್ಣನ ಹೋಟೆಲು, ಲೋಕನಾಥ ಅಲ್ಲಿ ಕ್ಯಾಶಿನಲ್ಲಿ ಕೂರುವುದು. ಭಾವನ ಹೋಟೆಲಿನಲ್ಲಿ ಕೂತವನು ಭಾವನ ಎದುರು ಎಂಥ ಮಾತಾಡುವುದು? ಅಲ್ಲದೆ ನಮ್ಮದು ಅಳಿಯಕಟ್ಟು. ಕುಟುಂಬ ಹೆಣ್ಣಿನಿಂದ ಹೆಣ್ಣಿಗೆ ಹೋಗುವುದು, ಆದರೆ ಯಜಮಾನಿಕೆ ಮಾತ್ರ ಅವಳ ಅಣ್ಣನದ್ದು. ಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತೇ ದೊಡ್ಡದು. ಆ ಕಾನೂನು ಹೋಗಿ ಎಷ್ಟೋ ಕಾಲವಾಯಿತು, ಮಾವಂದಿರಿಗೆ ಮಾತ್ರ ಅದನ್ನು ಯಾರೂ ತಿಳಿಸಿಲ್ಲ.

ಮಗಳು ಪ್ರೇಕ್ಷಾ ಹುಟ್ಟಿದ್ದು ಇಲ್ಲೇ. ತುಳು, ಕನ್ನಡ ಎಲ್ಲ ಅರ್ಥವಾಗ್ತದೆ, ಉತ್ತರ ಕೊಡುವುದು ಹಿಂದಿಯಲ್ಲಿ. ಶಾಲೆಯಲ್ಲಿ ಯಾರೋ ಕೈಗೆ ಟೆನಿಸ್ ರ‍್ಯಾಕೆಟ್ ಕೊಟ್ಟದ್ದೇ ನೆವ, ಹುಡುಗಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಎದ್ದು ನಮ್ಮ ಬಿಲ್ಡಿಂಗಿನ ಗೋಡೆಗೆ ಚೆಂಡು ಬಾರಿಸುವುದು ಕೇಳಿಯೇ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಎರಡು ಸಾವಿರದ ಒಂಬತ್ತರಲ್ಲಿ, ಅವಳಿಗೆ ಹದಿನಾರು ಇರುವಾಗ, ನೆರೂಳಿನ ಒಂದು ಟೂರ್ನಮೆಂಟಿನಲ್ಲಿ ಗೆದ್ದಳು. ಇಲ್ಲಿಯ ಕನ್ನಡ ಪೇಪರಿನವರು ಅಭಿಮಾನದಿಂದ ಫೋಟೋ ಹಾಕಿದರು. ಕಪ್ಪು ಹಿಡಿದುಕೊಂಡು ಬಾಯಿ ತುಂಬ ನಗುತ್ತಾ ನಿಂತಿದ್ದಳು. ನಮ್ಮವರು ಕಪ್ಪು ನೋಡಲಿಲ್ಲ, ನಗು ನೋಡಲಿಲ್ಲ. ನೋಡಿದ್ದು ಗಿಡ್ಡ ಸ್ಕರ್ಟಿನ ಕೆಳಗಿನ ಕಾಲು.

ಇಲ್ಲಿರುವ ನಮ್ಮ ಊರಿನವರ ಸಂಘದವರು ಕಮಲಾಕ್ಷಣ್ಣನಿಗೆ ಫೋನು ಮಾಡಿ, ನಿಮ್ಮ ತಂಗಿಯ ಮಗಳ ಫೋಟೋ ನೋಡಿದೆವು ಅಂತ ರಾಗ ಎಳೆದರಂತೆ. ಮುಂದಿನ ಆದಿತ್ಯವಾರ ಅಣ್ಣನ ಸವಾರಿ ಬಂತು. ನಾನು ಅಡುಗೆಮನೆಯಲ್ಲಿ ಸ್ವರ್ಣಳಿಗೆ ಕೈಸಹಾಯಕ್ಕೆ ಇದ್ದೆ. ನೀರುದೋಸೆ, ಕೋಳಿಸಾರು ಹೊಟ್ಟೆ ತುಂಬ ಹೊಡೆದು, ಕೈ ತೊಳೆದು, ಆಮೇಲೆ ಅಪ್ಪಣೆ. ಇನ್ನು ಆಡುವುದಾದರೆ ಚೂಡಿದಾರ ಹಾಕಿಕೊಂಡು ಆಡಬೇಕು, ಆಗದಿದ್ದರೆ ಬೇಡವೇ ಬೇಡ. ನಾಳೆ ಸಂಬಂಧ ನೋಡುವಾಗ ಮಾವ ಅಂತ ನಿಲ್ಲಬೇಕಾದವನು ತಾನು, ಎರಡು ವಾರ ಬಿಟ್ಟು ಇರುವ ಖಾರಘರದ ಟೂರ್ನಮೆಂಟಿಗೆ ತಾನೇ ಬಂದು ನೋಡುವುದಾಗಿ ಹೇಳಿದರು. ಚೂಡಿದಾರದಲ್ಲಿ ಓಡಲಿಕ್ಕೆ ಆಗುವುದಿಲ್ಲ ಅಂತ ಹುಡುಗಿ ಹಿಂದಿಯಲ್ಲಿ ಹೇಳಿ ನೋಡಿದಳು. ಯಾರು ಕೇಳ್ತಾರೆ? ಕಡೆಗೆ, ಹಾಗಾದರೆ ನಾನು ಆಡುವುದೇ ಇಲ್ಲ ಅಂತ ರ‍್ಯಾಕೆಟನ್ನು ಕಪಾಟಿನ ಮೇಲೆ ಎಸೆದು ಒಳಗೆ ಹೋದಳು. ಲೋಕನಾಥ ಫ್ಯಾನು ನೋಡುತ್ತಾ ಕೂತಿದ್ದ. ನನ್ನ ಮೈಯೆಲ್ಲ ಉರಿಯಿತು. ಸ್ವರ್ಣ ಮಾತ್ರ ಅಣ್ಣನ ಎಂಜಲು ಬಟ್ಟಲು ಎತ್ತಿದಳು.

ಮರುದಿನದಿಂದ ಗೋಡೆಗೆ ಚೆಂಡು ಬಡಿಯುವ ಸದ್ದಿಲ್ಲ. ಎರಡು ದಿನ ನೋಡಿದೆ. ಮೂರನೆಯ ದಿನ ಸ್ವರ್ಣ ಬಂದು, ವಾಶಿಗೆ ಹೋಗುವ, ಟೆನಿಸ್ ನೋಡಲಿಕ್ಕೆ ನನಗೊಂದು ಒಳ್ಳೆಯ ಡ್ರೆಸ್ ಬೇಕು ಅಂದಳು. ಮಗಳು ಆಡುವುದಿಲ್ಲ ಅಂತಿದ್ದಾಳೆ, ಇವಳಿಗೆ ಡ್ರೆಸ್ಸಿನ ಚಿಂತೆ! ಹೇಳಿದೆ ಕೂಡ. ಆಡುತ್ತಾಳೆ, ನೀವು ಬನ್ನಿ ಅಂದಳು.

ಡ್ರೆಸ್ಸು ಬೇಕಾದದ್ದಂತೂ ಸುಳ್ಳಲ್ಲ. ನೆರೂಳಿಗೆ ನಾವಿಬ್ಬರೂ ಮದುವೆಗೆ ಹೋಗುವ ಹಾಗೆ ರೇಷ್ಮೆ ಸೀರೆ ಉಟ್ಟು ಹೋಗಿದ್ದೆವು. ಸಿಮೆಂಟಿನ ಮೆಟ್ಟಿಲು ಕಾದ ಕಾವಲಿ. ಸೀರೆ ಜಾರುತ್ತದೆ, ಬೆವರು ಇಳಿಯುತ್ತದೆ. ಟೆನಿಸಿನಲ್ಲಿ ಚೆಂಡು ಹೊಡೆಯುವಾಗ ಪಿಟಕ್ ಅನ್ನಬಾರದು, ಗೊತ್ತುಂಟಲ್ಲ? ಸ್ವರ್ಣ ಸೆರಗು ಸರಿಮಾಡಿಕೊಂಡಾಗ ಎರಡು ಕೈಯ ಗಾಜಿನ ಬಳೆ ಗಲಗಲ ಅಂದು, ಮೇಲೆ ಕುರ್ಚಿಯಲ್ಲಿ ಕೂತ ಅಂಪಾಯರ್ ತಿರುಗಿ ನೋಡಿದ. ಅದನ್ನು ನೆನೆಸಿ ನಾವು ಬಸ್ಸಿನಲ್ಲಿ ನಗಾಡಿದ್ದೇ ನಗಾಡಿದ್ದು.

ವಾಶಿಯ ಮಾಲಿನಲ್ಲಿ ಸೇಲ್ಸ್ ಹುಡುಗಿ ನಮ್ಮ ವಯಸ್ಸು ನೋಡಿ ಮಣ್ಣಿನ ಬಣ್ಣದ ಕುರ್ತಿಗಳನ್ನೆಲ್ಲ ಹರಡಿದಳು. ಸ್ವರ್ಣ ಎರಡು ಹಾಕಿ ನೋಡಿ, ಕಂಕುಳು ಹಿಡಿಯುತ್ತದೆ ಅಂತ ಬಿಟ್ಟಳು. ನಾನು ಜೀನ್ಸ್ ತೋರಿಸಿದೆ. ಹಾಕಿ ಕೂತಳು, ಏಳಲಿಕ್ಕೆ ನನ್ನ ಕೈ ಹಿಡಿಯಬೇಕಾಯಿತು. ಆಮೇಲೆ ತಾನೇ ಒಂದು ಬೊಂಬೆಯ ಹತ್ತಿರ ಹೋಗಿ ನಿಂತಳು. ಕಡುನೀಲಿ ಹತ್ತಿಯ ಸ್ಕರ್ಟು, ಎರಡು ಕಡೆ ಜೇಬು, ಉದ್ದ ಮೊಣಕಾಲಿನವರೆಗೆ ಮಾತ್ರ. ತಲೆ ಸಮ ಉಂಟಾ ಮಾರಾಯ್ತಿ ಅಂತ ಕೇಳಿದೆ. ಕೇಳಿಸಿಕೊಂಡರೆ ತಾನೆ! ಹಾಕಿಕೊಂಡು ಬಂದು ಕೂತಳು, ಎದ್ದಳು, ಬಗ್ಗಿದಳು, ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮೇಲೆ ಕೂರುವ ಹಾಗೆ ಕುಕ್ಕರಗಾಲಲ್ಲಿ ಕೂತೂ ನೋಡಿದಳು. ಎಲ್ಲೂ ಹಿಡಿಯಲಿಲ್ಲ, ಜಾರಲಿಲ್ಲ. ಅದರ ಮೇಲೆ ಸಡಿಲವಾದ ಬಿಳಿ ಶರ್ಟು, ಕ್ಯಾನ್ವಾಸ್ ಬೂಟು, ಬಿಸಿಲಿಗೆ ಅಗಲ ಅಂಚಿನ ಟೊಪ್ಪಿ. ಸುಳ್ಳು ಯಾಕೆ ಹೇಳಲಿ, ಚಂದವೇ ಕಾಣ್ತಿದ್ದಳು. ಆದರೂ ನಿನ್ನ ಅಣ್ಣ ನೋಡಿದರೆ ಏನು ಗತಿ ಅಂತ ಕೇಳದೆ ಇರಲಿಕ್ಕೆ ಆಗಲಿಲ್ಲ.

ಅವಳು ಕನ್ನಡಿ ನೋಡುತ್ತಲೇ ಹೇಳಿದಳು. “ಎಲ್ಲರಿಗೂ ಕಾಲು ನೋಡಬೇಕಲ್ಲ ವಿನೋದಕ್ಕ, ನನ್ನದನ್ನು ನೋಡಲಿ. ಅವಳು ಆಡಲಿ.”

ನನಗೆ ನಗು ಬಂತು, ಹಿಂದೆಯೇ ಅಳುವೂ. ಆ ಮಾಲಿನಲ್ಲಿ ಅಳಲಿಕ್ಕೆ ನಾಚಿಕೆಯಾಗಿ ಸುಮ್ಮನೆ ಟೊಪ್ಪಿಗಳ ಬೆಲೆ ಕೇಳುತ್ತಾ ನಿಂತೆ.

ಟೂರ್ನಮೆಂಟಿನ ದಿನ ಅವಳು ಹಾಗೆಯೇ ಡ್ರೆಸ್ ಮಾಡಿ ಬಿಲ್ಡಿಂಗಿನ ಮೆಟ್ಟಿಲು ಇಳಿದಳು. ಕೊರಳಲ್ಲಿ ಕರಿಮಣಿ ಇತ್ತು. ಬಳೆ ಮಾತ್ರ ಕೈಗೊಂದೊಂದು. ಪ್ರೇಕ್ಷಾಳನ್ನು, ಹೆಸರು ಕೊಟ್ಟಾಗಿದೆ, ಆಡದಿದ್ದರೂ ಹೋಗಿ ಹೇಳಿ ಬರಬೇಕು ಅಂತ ಪುಸಲಾಯಿಸಿ ಮೊದಲೇ ಕಳಿಸಿದ್ದಳು. ಕೆಳಗಿನ ಮನೆಯ ಮರಾಠಿ ಹೆಂಗಸು, ಮಸ್ತ್ ದಿಸತೇಸ್ ಅಂತ ಹೊಗಳಿ ಬೆನ್ನು ತಟ್ಟಿದಳು. ಊರಿನವರ ಅಂಗಡಿಯ ಎದುರು ಹಾದು ಹೋಗುವಾಗ ತೂಕ ಮಾಡುತ್ತಿದ್ದವರ ಕೈ ಹಾಗೆಯೇ ನಿಂತಿತು. ಅವಳ ಕಿವಿ ಕೆಂಪಾಗಿತ್ತು. ನಡಿಗೆ ನಿಧಾನ ಮಾಡಲಿಲ್ಲ.

ಖಾರಘರದ ಗುಡ್ಡದ ಬುಡದಲ್ಲಿ ಕೋರ್ಟು. ಸ್ವರ್ಣ ಎದುರಿನ ಸಾಲಿನಲ್ಲೇ ಕೂತಳು. ಪ್ರೇಕ್ಷಾ ಆಚೆ ಬದಿಯಲ್ಲಿ ಬ್ಯಾಗಿನ ಹತ್ತಿರ ನಿಂತಿದ್ದಳು, ಮೈಮೇಲೆ ಉದ್ದ ಟ್ರ್ಯಾಕ್ ಪ್ಯಾಂಟು. ಅಮ್ಮನನ್ನು ಕಂಡು ಹುಡುಗಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಷ್ಟರಲ್ಲಿ ಸಂಘದ ಇಬ್ಬರು ಹಿರಿಯರನ್ನು ಕರೆದುಕೊಂಡು ಕಮಲಾಕ್ಷಣ್ಣ ಬಂದರು. ಮೊದಲು ಗುರುತು ಸಿಗಲಿಲ್ಲ. ಸಿಕ್ಕಿದ ಮೇಲೆ ಮುಖ ಕಪ್ಪಿಟ್ಟಿತು. ಕುಟುಂಬದ ಮಾನ ಮಾರ್ಕೆಟಿನಲ್ಲಿ ಮಾರಲಿಕ್ಕೆ ಹೊರಟಿದ್ದೀಯಾ ಅಂತ ಹಲ್ಲು ಕಚ್ಚಿ ಕೇಳಿದರು. ಹಿರಿಯರಿಬ್ಬರು ಆಕಾಶ ನೋಡುವವರ ಹಾಗೆ ಮಾಡಿ ಅವಳ ಕಾಲನ್ನೇ ನೋಡುತ್ತಿದ್ದರು.

ಸ್ವರ್ಣ ಎದ್ದು ನಿಂತಳು. ಎರಡೂ ಕೈ ಜೇಬಿಗೆ ಹಾಕಿಕೊಂಡಳು.

“ಗದ್ದೆಯಲ್ಲಿ ನೇಜಿ ನೆಡುವಾಗ ಅಮ್ಮ ಸೀರೆಯನ್ನು ಮೊಣಕಾಲ ಮೇಲೆ ಕಟ್ಟುತ್ತಿದ್ದರು ಅಣ್ಣ. ಇಡೀ ಊರು ನೋಡಿದೆ. ಆಗ ಹೋಗದ ಮಾನ ಈಗ ಎಲ್ಲಿಗೆ ಹೋಗ್ತದೆ? ಆ ಅಕ್ಕಿ ಉಂಡೇ ನೀವು ಬೆಳೆದದ್ದು. ನಮ್ಮ ಕುಟುಂಬ ಮುಂದೆ ಹೋಗುವುದು ನನ್ನಿಂದ, ನನ್ನ ಮಗಳಿಂದ. ನಿಮ್ಮಿಂದ ಅಲ್ಲ.”

ಆಚೆ ಬದಿಯಲ್ಲಿ ಪ್ರೇಕ್ಷಾ ಟ್ರ್ಯಾಕ್ ಪ್ಯಾಂಟು ಕಳಚಿ ಬ್ಯಾಗಿನ ಮೇಲೆ ಬಿಸಾಡಿದಳು. ಒಳಗೆ ಆಟದ ಸ್ಕರ್ಟು ಹಾಕಿಕೊಂಡೇ ಬಂದಿತ್ತು ನಮ್ಮ ಪೋರಿ! ರ‍್ಯಾಕೆಟ್ ಹಿಡಿದು ಕೋರ್ಟಿಗೆ ಇಳಿದಳು. ಅಂಪಾಯರ್ ಮೈಕಿನಲ್ಲಿ ಎಲ್ಲರೂ ಕೂತುಕೊಳ್ಳಬೇಕು ಅಂದ.

“ಕೂತರೆ ಕೂತುಕೊಳ್ಳಿ, ಹೋದರೆ ಹೋಗಿ,” ಅಂದಳು ಸ್ವರ್ಣ. “ನಿಂತರೆ ಹಿಂದಿನವರಿಗೆ ಆಟ ಕಾಣುವುದಿಲ್ಲ.”

ಹಿರಿಯರು ಹೋದರು. ಕಮಲಾಕ್ಷಣ್ಣ ನಾಲ್ಕು ಸಾಲು ಹಿಂದೆ ಹೋಗಿ, ಬೇರೆ ಯಾರದೋ ಪೈಕಿಯವರ ಹಾಗೆ ಕೂತರು.

ಪ್ರೇಕ್ಷಾ ಸೋತಳು. ಎರಡು ವಾರ ರ‍್ಯಾಕೆಟ್ ಮುಟ್ಟದವಳು ಗೆಲ್ಲುವುದೆಲ್ಲಿಂದ? ಆದರೆ ಪ್ರತಿಯೊಂದು ಚೆಂಡಿಗೂ ಓಡಿದಳು. ಮುಗಿದ ಮೇಲೆ ಬೆವರು ಸುರಿಸುತ್ತಾ ಬಂದು ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅಳುತ್ತಿದ್ದಳು, ಸೋತದ್ದಕ್ಕೋ ಬೇರೆ ಯಾವುದಕ್ಕೋ.

“ಅಮ್ಮ, ಚಂದ ಕಾಣ್ತೀ,” ಅಂದಳು, ಕನ್ನಡದಲ್ಲೇ.

“ಅದು ಇರಲಿ,” ಅಂದಳು ಸ್ವರ್ಣ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ. “ನಾಳೆ ಪ್ರಾಕ್ಟೀಸು ಎಷ್ಟು ಗಂಟೆಗೆ?”